ಅರಿಶಿನದ ಮರ

ನನ್ನ ಮೊಮ್ಮಗಳು ಮೇಘನಾ ಹೈಸ್ಕೂಲಿನಿಂದ ತಂದ ಕತೆ ಪುಸ್ತಕದ ಮೇಲೆ ಒಂದು ಚೀಟಿ ಅಂಟಿಸಿದ್ದರು. ‘ಹದಿಹರೆಯದವರು ಓದಲೇಬೇಕಾದದ್ದು’ ಎಂದು ಅದರಲ್ಲಿ ಬರೆದಿತ್ತಂತೆ. ನಾನು ಓದಿದ್ದು ಎರಡನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ಮೇಷ್ಟರ ಎಮ್ಮೆ ಕಾದಿದ್ದೆ.

ತೆರಕಣಾಂಬಿಯ ನಮ್ಮ ಕಣದಲ್ಲಿ ಆಗ ಅರಿಶಿನ ಬಿಡಿಸುವ ಕೆಲಸ. ಗೆಡ್ಡೆಯಿಂದ ಕೊಂಬು ಮುರಿಯುವಾಗ ಕೈಗೆ ಕೆಲಸ ಇರುತ್ತದೆ, ಕಿವಿ ಖಾಲಿ. ಮೊದಲೆಲ್ಲ ಪದ ಹಾಡುತ್ತಿದ್ದೆವು. ಈಗ ಮೇಘನಾ ಓದುತ್ತಾಳೆ, ಹೆಂಗಸರೆಲ್ಲ ಕೇಳುತ್ತೇವೆ.

ಆ ಪುಸ್ತಕದಲ್ಲಿ ಅರಿಶಿನ ಬೆಳೆಯುವವನ ಮಗಳೊಬ್ಬಳು ಪುಟಕ್ಕೊಮ್ಮೆ ಅಳುತ್ತಿದ್ದಳು. ಆ ಕಣ್ಣೀರನ್ನು ಕೆರೆಗೆ ಬಿಟ್ಟಿದ್ದರೆ ಗುಂಡ್ಲುಪೇಟೆ ತಾಲ್ಲೂಕಿಗೆ ಮೂರು ವರ್ಷ ಮಳೆ ಬೇಡವಾಗಿತ್ತು. ಅದನ್ನೂ ಸಹಿಸಿಕೊಂಡೆವು. ಆಮೇಲೆ ಮೇಘನಾ ಓದಿದಳು: ‘ಅವಳು ಅರಿಶಿನದ ಮರವನ್ನು ಅಲುಗಾಡಿಸಿದಳು. ಹಳದಿ ಕಾಯಿಗಳು ಉದುರಿದವು.’

ಕೊಂಬು ಮುರಿಯುವ ಕೈಗಳೆಲ್ಲ ನಿಂತವು. ಮಣ್ಣೊಳಗೆ ಬಿಡುವ ಗೆಡ್ಡೆಗೆ ಮರವಂತೆ!

“ಏಣಿ ತತ್ತೀನಿ ಇರ್ರವ್ವ, ಅತ್ತಿ ಕೀಳನ” ಎಂದಳು ನೆರೆಮನೆಯ ದೊಡ್ಡಮಲ್ಲಮ್ಮ. ನಕ್ಕೂ ನಕ್ಕೂ ಅರಿಶಿನದ ರಾಶಿಯ ಮೇಲೇ ಬಿದ್ದಳು.

“ಮುಚ್ಚಮ್ಮಿ ಆ ಪುಸ್ತಕವ. ಬರ್ದೋನು ಅರಿಸ್ನವ ಡಬ್ಬಿಲೇ ನೋಡಿರೋದು” ಎಂದೆ.

ಮೇಘನಾ ನಗಲಿಲ್ಲ. ಚಾಮರಾಜನಗರದಲ್ಲಿ ಒಂದು ಸಭೆ ಇತ್ತು. ಓದಲೇಬೇಕಾದ ಪುಸ್ತಕಗಳದೊಂದು ಪಟ್ಟಿ ಮಾಡಿದ್ದರು, ಮಕ್ಕಳು ಅದರ ಒಂದೊಂದು ಪುಸ್ತಕದ ಬಗ್ಗೆ ಮಾತಾಡಬೇಕು. ಗೆದ್ದವರು ಮುಂದಿನ ವರ್ಷ ಶಾಲೆಗಳಿಗೆ ನೂರು ಪುಸ್ತಕ ಆರಿಸಬೇಕು. ಆ ಕೆಲಸ ತನಗೇ ಸಿಗಲೆಂದು ಹುಡುಗಿಗೆ ತಿಂಗಳಿಂದ ಅನ್ನ ಸೇರುತ್ತಿರಲಿಲ್ಲ. ಅವಳ ಪಾಲಿಗೆ ಬಂದದ್ದು ಈ ಮರ.

ಸಭೆಯ ದಿನ ಎಲೆ, ಗೆಡ್ಡೆ, ಮಣ್ಣು ಸಮೇತ ಒಂದು ಅರಿಶಿನದ ಗಿಡವನ್ನು ಟವಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋದೆ. ಬಾಗಿಲಲ್ಲೇ ಶಿವರುದ್ರಸ್ವಾಮಿ ಸಿಕ್ಕಿದರು. ರಿಟೈರಾದ ಮೇಷ್ಟರು. ಪಟ್ಟಿ ಮಾಡಿದವರೂ ಅವರೇ, ತೀರ್ಪು ಕೊಡುವವರೂ ಅವರೇ. ಅವರ ಶಾಲಿನ ಜರಿಯಲ್ಲಿ ನಾಲ್ಕು ಮದುವೆ ಮಾಡಬಹುದಿತ್ತು.

“ಏನಮ್ಮ ಇದು, ಮಣ್ಣು?”

“ಮರ ಸಾ.”

ಅವರಿಗೆ ತಿಳಿಯಲಿಲ್ಲ. ಮೇಘನಾಳ ಕಡೆ ತಿರುಗಿದರು. “ನೋಡಮ್ಮ, ಚೆನ್ನಾಗಿ ಹೊಗಳಿ ಮಾತಾಡು. ತಪ್ಪು ಹುಡುಕೋರಿಗೆ ಪುಸ್ತಕ ಆರಿಸೋ ಕೆಲಸ ಕೊಡಲ್ಲ.”

ನನ್ನ ಧೈರ್ಯ ಅಲ್ಲೇ ಉದುರಿತು. “ಒಂದು ಸುಳ್ಳು ಏಳ್ಬುಡಮ್ಮಿ, ಏನಾದದು?” ಎಂದೆ.

ಮೇಘನಾ ನನ್ನನ್ನು ಹುಳ ಬಿದ್ದ ಬದನೆಕಾಯಿ ನೋಡಿದ ಹಾಗೆ ನೋಡಿದಳು. ಟವಲ್ಲು ಕಿತ್ತುಕೊಂಡು ವೇದಿಕೆ ಹತ್ತಿದಳು.

“ಈ ಪುಸ್ತಕದಲ್ಲಿ ಅರಿಸ್ನ ಮರದಲ್ಲಿ ಬುಡ್ತದೆ” ಎಂದು ಗಿಡವನ್ನು ಮೇಷ್ಟರ ಮೇಜಿನ ಮೇಲಿಟ್ಟಳು. “ಅಲ್ಲಾಡ್ಸಿ ಸಾ. ಕಾಯಿ ಉದುರುದ್ರೆ ಚೆಂದಾಗದೆ ಅಂತ ಒಪ್ಕತೀನಿ.”

ಅರಿಶಿನದ ಮಂಡಿಯಿರುವ ಊರು. ಸಭೆ ನಕ್ಕ ಸದ್ದು ಪುಣಜನೂರು ಕಾಡಿನ ಆನೆಗಳಿಗೂ ಕೇಳಿಸಿರಬೇಕು. ಮೇಷ್ಟರು ಕೆಂಪಾಗಿ, “ಎಲ್ಲಿದೆ? ಯಾವ ಪುಟ?” ಎಂದು ತಮ್ಮ ಪ್ರತಿ ತೆಗೆದರು. ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಅಂಗಡಿಯಿಂದ ಬಂದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ನಾನು ಕೇಳಿಯೇಬಿಟ್ಟೆ: “ಮುಟ್ದಲೇ ಚೀಟಿ ಅಂಟಿಸ್ಬುಟ್ರಾ ಸಾ?”

ಪುಸ್ತಕ ಆರಿಸುವ ಕೆಲಸ ಸಿಕ್ಕಿದ್ದು ಚಾಮರಾಜನಗರದ ನಗ್ಮಾ ಎಂಬ ಹುಡುಗಿಗೆ. ಅವಳು ಇನ್ನೊಂದು ಪುಸ್ತಕವನ್ನು ಜೇನು ಸುರಿದು ಹೊಗಳಿದ್ದಳು. ಬಸ್ ನಿಲ್ದಾಣದವರೆಗೆ ಮೇಘನಾ ಕಾಲಿಗೆ ಸಿಕ್ಕ ಕಲ್ಲನ್ನೆಲ್ಲ ಒದೆಯುತ್ತಲೇ ನಡೆದಳು.

ಬಸ್ಸು ಹತ್ತುವಾಗ ಆ ನಗ್ಮಾ ಓಡಿ ಬಂದಳು, ಕೈಯಲ್ಲಿ ಮುಂದಿನ ವರ್ಷಕ್ಕೆ ಸೋಸಬೇಕಾದ ಪುಸ್ತಕಗಳ ಪಟ್ಟಿ. “ನಾನೊಬ್ಳೇ ಹೆಂಗೆ ಆರಿಸ್ಲಿ? ಅರ್ಧ ನೀನು ಓದು. ಸುಳ್ಳು ಇರೋದು ಹೊಡೆದುಹಾಕು, ನಾನು ಸೈನ್ ಹಾಕ್ತೀನಿ.”

ಸೀಟಿನಲ್ಲಿ ಕೂತ ಕೂಡಲೇ ಮೇಘನಾ ಪಟ್ಟಿ ಬಿಡಿಸಿ ಪೆನ್ನು ತೆಗೆದಳು. ಮುಖ ದೀಪದ ಹಾಗಿತ್ತು.

“ಮೊದ್ಲು ಆ ಮರವ ಹೊಡ್ದಾಕಮ್ಮಿ” ಎಂದೆ.

“ಆಗಕಿಲ್ಲ ಅಜ್ಜಿ. ಮೇಷ್ಟ್ರು ಬಿಚ್ಚೇ ಇಲ್ಲ, ನಾವು ಅರ್ಧಕ್ಕೇ ಮುಚ್ಚುದ್ವಿ. ಪೂರ್ತಿ ಓದ್ಬುಟ್ಟು ಹೊಡ್ದಾಕನ.”

“ಇನ್ನೆಷ್ಟು ಪುಟ ಅದೆ?”

“ನಲವತ್ತು.”

“ನಲವತ್ತು ಪುಟ ಅಳ್ತಾಳಾ ಆ ಮುಂಡೇದು? ಹಂಗಾದ್ರೆ ನಾಳಿಕೆ ಕಣಕ್ಕೆ ತೆಪ್ಪ ತರ್ಬೇಕು ಕಣಮ್ಮಿ.”