ಕ್ಯಾಪಿನೊಳಗಿನ ಮೋಟು

ಪೆಡಲು ತುಳಿದಂತೆ ನಳಿಕೆಯಿಂದ ಮರಳು ಬುಸುಗುಡುತ್ತಿದೆ, ಗಾಜಿನ ಪೆಟ್ಟಿಗೆಯೊಳಗೆ ಬಿಳಿ ದೂಳೆದ್ದು ಕೈಗವಸಿನ ಬೆರಳೇ ಕಾಣದು, ಬೆರಳ ತುದಿಯಲ್ಲಿ ತಂಗಿಯ ಹೊಸ ಹಲ್ಲು, ಬೇರಿಗೆ ನೆಟ್ಟ ಕಡ್ಡಿಯ ಮೇಲೆ ಕೂರಿಸುವ ಜಿರ್ಕೋನಿಯಾ ಕ್ಯಾಪು, ಕಲ್ಲಿಗಿಂತ ಗಟ್ಟಿ, ಒಳಮೈ ನುಣುಪಾಗಿದ್ದರೆ ಅಂಟು ಹಿಡಿಯದು, ಮರಳು ಹೊಡೆದು ಹೊಡೆದು ಒರಟು ಮಾಡಬೇಕು — ಹಲ್ಲಿನ ಲ್ಯಾಬಿನವರೆಲ್ಲ ಮರಳಕ್ಕ ಎಂದು ಕರೆಯುವುದು ಸುಮ್ಮನೆಯೇ? ಇವತ್ತು ಮಾತ್ರ ಮರಳಕ್ಕನಿಗೆ ಆ ಹೊಡೆತ ತನ್ನ ಒಸಡಿಗೇ ಬೀಳುತ್ತಿದೆ. ಹೊರಗೆ ಬೆಂಚಿನ ಮೇಲೆ ತಂಗಿ, ಪಕ್ಕದಲ್ಲಿ ತಂಗಿಯ ಗಂಡ, ಅವನ ಬೆರಳ ಗೆಣ್ಣಿಗೆ ಬಟ್ಟೆ ಪಟ್ಟಿ, ಬಾಗಿಲಿಗೆ ಸಿಕ್ಕಿಕೊಂಡಿತಂತೆ, ಹಳೇ ಕ್ಯಾಪು ಬಿದ್ದದ್ದು ಬ್ರೆಡ್ಡು ಕಚ್ಚುವಾಗ ಅಕ್ಕ ಅಂದಿದ್ದಳು ತಂಗಿ, ಮರಳಕ್ಕ ನಂಬಿ ತನ್ನನ್ನೇ ಶಪಿಸಿಕೊಂಡಿದ್ದಳು, ಹೋದ ಸಲ ಅವಳ ಬಾಯಲ್ಲಿಟ್ಟು ನೋಡಿದ ಮೇಲೆ ಎಂಜಲು ತೊಳೆಯಲು ಪಿಂಗಾಣಿ ಹಲ್ಲಿಗೆ ಹಾಕುವ ಆಸಿಡ್ಡನ್ನೇ ಆ ಕ್ಯಾಪಿಗೂ ಹಾಕಿಬಿಟ್ಟೆನೇನೋ, ಹಾಕಿದರೆ ಆಮೇಲೆ ಅಂಟು ಕೂರುವುದೇ ಇಲ್ಲ, ನನ್ನ ಕೈಗಿಷ್ಟು ಬೆಂಕಿ ಹಾಕ — ತಂಗಿ ಹಳೇ ಕ್ಯಾಪು ಕಟ್ಟಿ ತಂದ ಕರವಸ್ತ್ರ ಬಿಚ್ಚಿ ನೋಡಿದರೆ ಅಂಟು ಅಲುಗಿರಲಿಲ್ಲ, ಕ್ಯಾಪಿನೊಳಗೆ ಅಂಟಿನ ಜೊತೆಗೇ ತಂಗಿಯ ಸ್ವಂತ ಹಲ್ಲಿನ ಮೋಟು ಮುರಿದು ಬಂದಿತ್ತು, ಸುತ್ತ ರಕ್ತ ಒಣಗಿ ಕಪ್ಪಾಗಿತ್ತು, ಬ್ರೆಡ್ಡು ಹಾಗೆ ಮುರಿಯದು, ಮುಷ್ಟಿ ಮುರಿಯುತ್ತದೆ. ನಾನೂ ಏಟು ತಿಂದೆ, ನನ್ನ ಸಂಸಾರ ನಿಲ್ಲಲಿಲ್ವಾ ಅಂದಳಲ್ಲ, ಕೇಳಲು ಹೋದಾಗ, ತಂಗಿಯ ಅತ್ತೆ, ಸೊಟ್ಟಗೆ ಕೂಡಿಕೊಂಡ ಮಣಿಕಟ್ಟನ್ನು ರವಿಕೆಯ ತೋಳಿನೊಳಗೆ ಎಳೆದುಕೊಳ್ಳುತ್ತ. ಕಿಟಕಿಯಲ್ಲಿ ತಂಗಿಯ ಗಂಡನ ತಲೆ — ಏನಕ್ಕ, ಈ ಸಲನಾದ್ರೂ ಸರಿಯಾಗಿ ಅಂಟ್ಸಿ, ನಿಮ್ಮ ಕೆಲಸ ನಂಬ್ಕೊಂಡ್ರೆ ನಿಮ್ಮ ತಂಗಿ ಬೊಚ್ಚುಬಾಯಿ ಅಜ್ಜಿ ಆಗೋಗ್ತಾಳೆ, ನಗುತ್ತಾನೆ, ಹಲ್ಲು ಕೂತ ತಕ್ಷಣ ಹೊರಟ್ವಿ, ಸಾಕು ಅಕ್ಕನ ಮನೆ ವಾಸ — ಆ ಮುಷ್ಟಿಯನ್ನು ಈ ಪೆಟ್ಟಿಗೆಯೊಳಗೆ ಹಿಡಿದರೆ, ಮೊದಲು ಚರ್ಮ, ಆಮೇಲೆ ಮಾಂಸ, ಗೆಣ್ಣಿನ ಬಿಳಿ ಮೂಳೆ ಒರಟಾಗುವ ತನಕ ಪೆಡಲಿನಿಂದ ಕಾಲು ತೆಗೆಯಬಾರದು, ಕಿರುಚಲಿ, ಬಾಗಿಲಿಗೆ ಸಿಕ್ಕಿಕೊಂಡಿತು ಅನ್ನೋಣ — ಅವನ ಬೆನ್ನ ಹಿಂದೆ ತಂಗಿ, ಬಾಯಿಗೆ ಕೈ ಅಡ್ಡ, ಅಕ್ಕ, ಹಲ್ಲು ಇವತ್ತೇ ಆಗ್ಬೇಕಾ. ಅಷ್ಟೇ ಅಂದಳು. ಮರಳಕ್ಕ ಗಾಳಿಯ ಒತ್ತಡ ಪೂರ್ತಿ ಏರಿಸುತ್ತಾಳೆ, ನಳಿಕೆಯ ಬಾಯಿ ಕ್ಯಾಪಿನ ತೆಳು ಅಂಚಿಗೆ, ಯಾರೂ ಹೀಗೆ ಹಿಡಿಯುವುದಿಲ್ಲ, ಕಾಲು ಪೆಡಲಿನ ಮೇಲೇ ಇದೆ, ಇದೆ, ಟಕ್ ಎಂದಿತು. ಅಂಚು ಹೋಯ್ತು ಕಣಪ್ಪ, ಹೊಸದು ಮಾಡ್ಬೇಕು, ಅಲ್ಲೀತನಕ ಅವಳು ನನ್ನ ಹತ್ರಾನೇ ಇರ್ಲಿ. ಬೇಕಂತ್ಲೇ ಒಡೆದ್ರಿ, ಅವನ ಕೈ ಕಿಟಕಿಯ ಗಾಜಿಗೆ ಬಡಿಯುತ್ತದೆ, ಪಟ್ಟಿಯಲ್ಲಿ ರಕ್ತ ಜಿನುಗುತ್ತದೆ, ಹೌದಪ್ಪ ಬೇಕಂತ್ಲೇ, ಹೋದ ಸಲ ನನ್ನ ಅಂಟು ಬಿಟ್ಟಿರ್ಲಿಲ್ಲ, ನೋಡು, ತಟ್ಟೆಯಿಂದ ಹಳೇ ಕ್ಯಾಪು ಎತ್ತಿ ಗಾಜಿಗೊತ್ತಿ ಅವನ ಮೂಗಿಗೇ ಹಿಡಿಯುತ್ತಾಳೆ, ತಂಗಿ ಅವನನ್ನು ದಾಟಿ ಒಳಗೆ ಬರುತ್ತಿದ್ದಾಳೆ, ಬರಲಿ, ಅವನು ಏನೋ ಕೂಗುತ್ತಿದ್ದಾನೆ, ಕೇಳುತ್ತಿಲ್ಲ, ಬಿಳಿ ಕ್ಯಾಪು, ಒಳಗೆ ಮೋಟು, ಕಪ್ಪು ರಕ್ತ, ಮೋಟು —