ಗಾಜಲ್ಲದವನು

"ಯಾರಮ್ಮ ನೀವು? ಇಲ್ಲೆಲ್ಲ ಬರಬಾರದು," ಎಂದ ಗಂಡ.

ಗೂಡಮ್ಮ ನಕ್ಕಳು. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವನ ತಮಾಷೆ ಅವಳಿಗೆ ಹೊಸದೇ? ಆ ಗಾಜಿನ ಕಾರ್ಖಾನೆಯಲ್ಲಿ ಅವನು ಕುಲುಮೆಯ ಮುಂದೆ ನಿಂತು ಕಬ್ಬಿಣದ ಕೊಳವೆಯಿಂದ ಹೂಜಿ ಊದುವವನು. ಊದಿದ್ದನ್ನು ಬಿಸಿ ಗೂಡಿನಲ್ಲಿಟ್ಟು, ಬಿರುಕು ಬಿಡದಂತೆ ಒಂದು ಹಗಲು ಒಂದು ರಾತ್ರಿ ಮೆಲ್ಲಗೆ ತಣಿಸುವವಳು ಇವಳು. "ಉಸಿರು ನಂದು, ಆಯುಸ್ಸು ನಿಂದು ಕಣೇ," ಎನ್ನುತ್ತಿದ್ದ.

ಆದರೆ ಅವನು ನಗಲಿಲ್ಲ. ತುದಿಯಲ್ಲಿ ಕೆಂಡದಂಥ ಗಾಜು ತೂಗುತ್ತಿದ್ದ ಕೊಳವೆಯನ್ನು ಕೊಡೆಯ ಹಾಗೆ ಹೆಗಲಿಗೇರಿಸಿ, "ಮಳೆ ಬಂತು, ಮನೆಗೆ ಹೋಗಿ," ಎಂದು ತೊದಲಿದ. ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಮೈದುನ ಹಾರಿ ಬಂದು ಕೊಳವೆ ಕಸಿದುಕೊಂಡ. ಗಂಡ ನಿಂತಲ್ಲೇ ಕುಸಿದ. ಅವಳು ಹಣೆ ಮುಟ್ಟಿದಳು. ಒಂದು ತೊಟ್ಟು ಬೆವರಿಲ್ಲ; ಗೂಡಿನ ಗೋಡೆ ಮುಟ್ಟಿದಂತಾಯಿತು.

ಕಾರ್ಖಾನೆಯ ನರ್ಸ್ ಓಡಿ ಬಂದು, ನಡೆದದ್ದನ್ನು ಕೇಳುತ್ತಲೇ ಜ್ವರ ನೋಡಿದಳು. "ನಲವತ್ತೊಂದು ಡಿಗ್ರಿ ದಾಟಿದೆ! ಆ ನೀರಿನ ತೊಟ್ಟಿಗೆ ಇಳಿಸಿ, ಕತ್ತಿನವರೆಗೆ. ಕುಡಿಯೋ ನೀರಿನ ಐಸೆಲ್ಲ ಸುರೀರಿ!"

ಯಾರೂ ಅಲುಗಲಿಲ್ಲ.

"ಬೇಡ ಸಿಸ್ಟರ್," ಎಂದ ಮೈದುನ. "ಕಾದ ಮೈ ಅದು. ಬಿರುಕು ಬಿಡ್ತಾನೆ."

ಹೊರಗಿನವರಾಗಿದ್ದರೆ ನಗುತ್ತಿದ್ದರು. ಅಲ್ಲಿ ಯಾರಿಗೂ ನಗು ಬರಲಿಲ್ಲ. ಕಾದದ್ದಕ್ಕೆ ತಣ್ಣೀರು ತೋರಿಸಬಾರದು ಎಂಬುದು ಆ ನೆಲದ ಶಾಸನ. ಪಾಳಿ ಮುಗಿಸಿದವರು ಅರ್ಧ ಗಂಟೆ ಬೆಂಚಿನ ಮೇಲೆ ಕೂತು, ಆಮೇಲೇ ಮುಖ ತೊಳೆಯುವುದು. ಒದ್ದೆ ಕೈಯವರನ್ನು ಗೂಡಿನ ಹತ್ತಿರ ಸೇರಿಸದೆ ಆ ಶಾಸನ ಕಾದವಳು ಗೂಡಮ್ಮನೇ. ಈಗ ಎಲ್ಲರೂ ಅವಳ ಮುಖ ನೋಡಿದರು.

"ನಿಧಾನಕ್ಕೆ ತಣಿಸಿದರೆ ಆಗಲ್ವಾ?" ಎಂದಳು ಅವಳು.

"ಅಷ್ಟರಲ್ಲಿ ಮಿದುಳು ಬೆಂದುಹೋಗತ್ತೆ ಅಮ್ಮ. ಇರಬೇಕಾದ್ದಕ್ಕಿಂತ ನಾಲ್ಕೇ ಡಿಗ್ರಿ ಜಾಸ್ತಿ. ಅದಕ್ಕೇ ನೀವ್ಯಾರು ಅಂತ ಮರೆತಿರೋದು."

ನಾಲ್ಕೇ ನಾಲ್ಕು! ಸಾವಿರ ಡಿಗ್ರಿಯ ಬಾಯಿಗೆ ಎದೆಯೊಡ್ಡಿ ಆಯುಷ್ಯ ಸವೆಸಿದವನು. ಅವನ ನೆನಪು, ನಗು, ಹೆಂಡತಿ, ಮನೆಯ ದಾರಿ, ಎಲ್ಲವನ್ನೂ ಭಗವಂತ ಇಷ್ಟು ಕಿರಿದಾದ ಅಂಚಿನ ಮೇಲೆ ಇಟ್ಟಿದ್ದನೇ? ಇಟ್ಟು, ಇಷ್ಟು ವರ್ಷ ಬೀಳದಂತೆ ಹಿಡಿದಿದ್ದನೇ? ಅವಳ ರೋಮ ನಿಮಿರಿತು.

"ಕಾಲ ಕಡೆ ಹಿಡಿಯಪ್ಪ," ಎಂದಳು ಮೈದುನನಿಗೆ. "ನಿಮ್ಮಣ್ಣ ಗಾಜಲ್ಲ."

ಕಬ್ಬಿಣದ ಕೊಳವೆ ಅದ್ದುವ ಕಲ್ಲುತೊಟ್ಟಿಯೊಳಗೆ ಅವನನ್ನು ಇಳಿಸಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಗಾಜು ಬಿರಿಯುವ ಆ ಟಣ್ ಎಂಬ ಸದ್ದಿಗೆ ಕಿವಿ ತಾನಾಗಿ ಕಾಯಿತು. ನೀರು ಅಂಚು ಮೀರಿ ಚೆಲ್ಲಿದ ಸದ್ದಷ್ಟೇ ಕೇಳಿತು.

ಅವನ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದಳು. ಐಸು ಬಿತ್ತು, ಕರಗಿತು, ಮತ್ತೆ ಬಿತ್ತು. ಎಲ್ಲೆಲ್ಲೋ ಅಲೆಯುತ್ತಿದ್ದ ಕಣ್ಣುಗಳು ಮೊದಲು ನಿಂತವು. ಆಮೇಲೆ ಸೂರು ನೋಡಿದವು. ಬಹಳ ಹೊತ್ತಿನ ಮೇಲೆ ಅವಳನ್ನು ನೋಡಿದವು.

"ಎಷ್ಟೊತ್ತು ನೆನೆಹಾಕ್ತೀಯೇ?" ಹಲ್ಲು ಕಟಕಟಿಸಿತು. "ನಾನೇನು ಮಾಸಿದ ಬಟ್ಟೆನಾ?"

"ನಾನ್ಯಾರು ಹೇಳಿ ಮೊದಲು."

"ನೀನಲ್ಲದೆ ಇನ್ಯಾರು ಹೀಗೆ ಕತ್ತು ಅಮುಕ್ತಾರೆ?"

ಮೈದುನ ನಕ್ಕ, ನಗುತ್ತಲೇ ಮುಖ ಆಚೆ ತಿರುಗಿಸಿದ.

ಆಂಬುಲೆನ್ಸಿನವರು ಅವನನ್ನು ಹೊತ್ತು ನಡೆದರು. ತೋಳಿನವರೆಗೂ ತೊಯ್ದಿದ್ದ ಗೂಡಮ್ಮ ಹಿಂದೆಯೇ ಓಡಿದಳು. ದಾರಿಯಲ್ಲಿ ಗೂಡು ಎದುರಾಯಿತು. ಒಳಗೆ ಅವನು ಬೆಳಿಗ್ಗೆ ಊದಿದ ಹೂಜಿಗಳು ಇನ್ನೂ ತಣಿಯುತ್ತಿದ್ದವು. ತೊಟ್ಟಿಕ್ಕುವ ಕೈಗಳನ್ನು ಎದೆಗವಚಿಕೊಂಡು, ಅವಳು ಅದನ್ನು ದೂರದಿಂದಲೇ ಬಳಸಿ ಹೋದಳು.