ಎಡಕ್ಕೆ ತಿರುಗಿದಾಗ ಮಾತ್ರ

ನನ್ನ ಕಾರು ಬಲಕ್ಕೆ ತಿರುಗುವಾಗ ಪರಮ ಸಾಧು. ಎಡಕ್ಕೆ ತಿರುಗಿಸಿದರೆ ಮಾತ್ರ ಕಟಕಟ ಹಲ್ಲು ಕಡಿಯುತ್ತಿತ್ತು. ಎರಡು ವಾರದಲ್ಲಿ ಇದನ್ನು ಎಷ್ಟು ಜನರ ಮುಂದೆ ಹೇಳಿಕೊಂಡೆನೋ ನನಗೇ ನೆನಪಿಲ್ಲ. ಸದ್ದು ಕೇಳಿಸಿದವರು ನನ್ನ ಡ್ರೈವಿಂಗ್ ಸರಿಯಿಲ್ಲ ಅಂದರು, ಕೇಳಿಸದವರು ನನ್ನ ಕಿವಿ ಸರಿಯಿಲ್ಲ ಅಂದರು. ಕಾರಿಗೆ ಏನಾಗಿದೆ ಅಂತ ಹೇಳಿದವರು ಒಬ್ಬರೂ ಇಲ್ಲ.

ಕಾರು ಅಣ್ಣನದು. ಹನ್ನೆರಡು ವರ್ಷ ಓಡಿಸಿ, ಹೊಸದು ಬಂದ ಮೇಲೆ ನನಗೆ ಮಾರಿದ. ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಹದಿನಾರು ವರ್ಷದಿಂದ ಕಿಟಕಿಯಿಲ್ಲದ ಅದೇ ಕೋಣೆಯಲ್ಲಿ ನಿಂತು "ಮುಷ್ಟಿ ಬಿಗಿ ಹಿಡೀರಿ, ಈಗ ಬಿಡಿ" ಎಂದು ಹೇಳಿ ಹೇಳಿ ತಲೆ ಚಿಟ್ಟು ಹಿಡಿದಿತ್ತು. ಹಾಸಿಗೆ ಹಿಡಿದವರ ಮನೆಗೇ ಹೋಗಿ ರಕ್ತ ತರುವ ಕೆಲಸ ಖಾಲಿಯಾದಾಗ ನಾನೇ ಬಾಯಿಬಿಟ್ಟು ಕೇಳಿದೆ. ಅದಕ್ಕೆ ಸ್ವಂತ ಕಾರು ಬೇಕಿತ್ತು. ನಲವತ್ತೈದನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ ಮೊದಲ ಸಲಕ್ಕೇ ಪಾಸಾದೆ. ಆದರೆ ನನ್ನ ಡ್ರೈವಿಂಗ್ ನೋಡಲೆಂದು ಪಕ್ಕದಲ್ಲಿ ಕೂತ ಲ್ಯಾಬಿನ ಮೇಡಂ ಎರಡನೇ ತಿರುವಿನಲ್ಲೇ ಬಾಗಿಲಿನ ಹಿಡಿಗೆ ಜೋತುಬಿದ್ದರು.

"ಇದೇನ್ರೀ ಸದ್ದು? ಚಕ್ರ ಕಳಚಿ ಹೋಗೋ ಹಾಗಿದೆ. ಎರಡು ವಾರ ಬಿಟ್ಟು ಬರೋ ಸೋಮವಾರದೊಳಗೆ ಏನು ಅಂತ ಪತ್ತೆ ಮಾಡಿ ಸರಿ ಮಾಡಿಸ್ಕೊಳ್ಳಿ. ಇಲ್ದಿದ್ರೆ ಈ ಕೆಲ್ಸ ಬೇರೆಯವರಿಗೆ ಹೋಗುತ್ತೆ, ನೀವು ಒಳಗೇ ಇದ್ಬಿಡಿ."

ಒಳಗೇ ಇದ್ದುಬಿಡುವುದು ಎಂದರೆ ಇನ್ನೂ ಹದಿಮೂರು ವರ್ಷ, ಅದೇ ಟ್ಯೂಬ್‌ಲೈಟಿನ ಕೆಳಗೆ.

ಮೊದಲ ತನಿಖೆ ನನ್ನ ಗಂಡನದು. ಅವರಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುವುದಿಲ್ಲ, ಅಭಿಪ್ರಾಯಕ್ಕೇನೂ ಬರವಿಲ್ಲ. ಡಿಕ್ಕಿಯಲ್ಲಿದ್ದುದನ್ನೆಲ್ಲ ಅಂಗಳದಲ್ಲಿ ಹರಡಿದರು. ಅಣ್ಣನ ಒಂಟಿ ಬೂಟು, ಒಣಗಿದ ಪೇಂಟಿನ ಡಬ್ಬ, ಹಿಡಿಯಿಲ್ಲದ ಛತ್ರಿ ಸಿಕ್ಕವು. ಸದ್ದು ಸಿಗಲಿಲ್ಲ. ಆಮೇಲೆ ನನ್ನ ಪಕ್ಕ ಕೂತು ಒಂದು ಸುತ್ತು ಬಂದು, "ನೀನು ಸ್ಟೀರಿಂಗ್ ತಿರುಗಿಸೋ ರಭಸಕ್ಕೆ ಯಾವ ಕಾರಾದ್ರೂ ಕಿರುಚುತ್ತೆ ಕಣೇ" ಎಂದು ತೀರ್ಪು ಕೊಟ್ಟು ಒಳಗೆ ಹೋದರು. ಹರಡಿದ್ದನ್ನು ವಾಪಸ್ ತುಂಬಿದವಳು ನಾನು.

ಮೊದಲ ಗ್ಯಾರೇಜಿನವನು ಎಡಕ್ಕೆ ಎಂದ ಕೂಡಲೇ ಎಡಗಡೆಯ ಚಕ್ರಕ್ಕೆ ಜಾಕ್ ಕೊಟ್ಟು, ಅಲ್ಲಾಡಿಸಿ, ಎರಡು ಬೋಲ್ಟ್ ಬಿಗಿ ಮಾಡಿ ಕಳಿಸಿದ. ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗಿದೆ, ಕಟಕಟ. ಎರಡನೆಯವನು ಕಾರು ನಿಂತಲ್ಲೇ ಸ್ಟೀರಿಂಗನ್ನು ಅತ್ತ ಇತ್ತ ತಿರುಗಿಸಿ ಕಿವಿಗೊಟ್ಟ. "ಎಲ್ಲಿದೆ ಸದ್ದು?" ಎಂದ. ಓಡಿಸಿ ನೋಡಿ ಎಂದರೆ ಪುರುಸೊತ್ತಿಲ್ಲ. ಸ್ಟೀರಿಂಗ್ ಎಣ್ಣೆ ತುಂಬಿಸಿ, "ಹಳೇ ಗಾಡಿ ಮೇಡಂ, ಸ್ವಲ್ಪ ಮಾತಾಡುತ್ತೆ" ಎಂದು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಅಣ್ಣನನ್ನೇ ಕರೆಸಿದೆ. ಅವನು ಓಡಿಸಿದರೆ ಸದ್ದು ಮಂಗಮಾಯ. ಅದೇ ಬೀದಿ, ಅದೇ ತಿರುವು, ಕಾರು ತುಟಿ ಪಿಟಕ್ಕೆನ್ನಲಿಲ್ಲ. ಸೀಟು ಬದಲಾಯಿಸಿ ನಾನು ಓಡಿಸಿದೆ, ಕಟಕಟ ಶುರುವಾಯಿತು. ಅವನು ಓಡಿಸಿದ, ಮೌನ. ಆ ಕಾರನ್ನು ಅಲ್ಲೇ ಒದೆಯಬೇಕೆನ್ನಿಸಿತು.

"ಕಾರಿಗೂ ಕೈ ಗೊತ್ತಾಗುತ್ತೆ ಪುಟ್ಟೀ," ಎಂದ ಅಣ್ಣ. ನಾನು ಅಜ್ಜಿಯಾದರೂ ಅವನಿಗೆ ಪುಟ್ಟಿಯೇ. "ಹನ್ನೆರಡು ವರ್ಷ ನನ್ನ ಹತ್ರ ಒಂದು ದಿನ ಸದ್ದು ಮಾಡಿದ್ದಿಲ್ಲ. ನಿಂಗೆ ಯಾಕೆ ಬೇಕು ಈ ರಗಳೆ? ಆರಾಮಾಗಿ ಲ್ಯಾಬಲ್ಲೇ ಇರು. ಕಾರು ನಾನು ವಾಪಸ್ ತಗೋತೀನಿ."

ಅವನು ಪ್ರೀತಿಯಿಂದಲೇ ಹೇಳಿದ್ದು, ಅದಕ್ಕೇ ಇನ್ನಷ್ಟು ರೇಗಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇಷ್ಟು ಜನ ಹೇಳುವಾಗ ತಪ್ಪು ನನ್ನ ಕೈಯದೇ ಇರಬಹುದೇ ಎಂದು ಅನ್ನಿಸತೊಡಗಿತ್ತು. ಮರುದಿನ ಬರೀ ಬಲಕ್ಕೆ ತಿರುಗುತ್ತ ಲ್ಯಾಬಿಗೆ ಹೋದೆ. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು. ಕಾರು ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಆನಿಸಿ ಸ್ವಲ್ಪ ಹೊತ್ತು ಅತ್ತೆ.

ಶನಿವಾರ ಬೆಳಿಗ್ಗೆ ಮೂರನೇ ಗ್ಯಾರೇಜು. ಹೆಂಗಸರಿಗೆ ಟೋಪಿ ಹಾಕುತ್ತಾರೆ ಎಂದು ಅಣ್ಣನೂ ಜೊತೆಗೆ ಬಂದ. ಮೆಕ್ಯಾನಿಕ್ ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಜಾಕ್ ಮುಟ್ಟಲಿಲ್ಲ, ಬಾನೆಟ್ ತೆಗೆಯಲಿಲ್ಲ. ಕೈ ಒರೆಸಿಕೊಳ್ಳುತ್ತ ಕೇಳಿದರು.

"ನಿಂತಾಗ ಬರುತ್ತೋ, ಓಡುವಾಗ್ಲೋ?"

"ಓಡುವಾಗ."

"ತಿರುವಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಜೋರಾಗುತ್ತಾ?"

"ಹೌದು. ಜೋರಾಗುತ್ತೆ, ಬೇಗ ಬೇಗ ಬರುತ್ತೆ."

ಎರಡು ವಾರದಲ್ಲಿ ಸದ್ದಿನ ಬಗ್ಗೆ ನನ್ನನ್ನು ಬಿಡಿಸಿ ಕೇಳಿದವರು ಅವರೊಬ್ಬರೇ. ಅಣ್ಣ ಮಾತ್ರ ಕೀ ಕೈಗೆತ್ತಿಕೊಂಡ. "ಮೊದ್ಲು ನಾನು ಓಡಿಸ್ತೀನಿ, ನೀವೇ ಕೇಳಿ ಯಜಮಾನ್ರೇ. ಏನೂ ಇಲ್ಲ."

ಅವರು ಹಿಂದೆ ಕೂತರು, ನಾನು ಅಣ್ಣನ ಪಕ್ಕ. ಗ್ಯಾರೇಜಿನ ಸುತ್ತಲಿನ ನಾಲ್ಕು ಬೀದಿಗಳನ್ನು ಬರೀ ಎಡಕ್ಕೆ ತಿರುಗುತ್ತ ಸುತ್ತಿದೆವು. ಒಂದನೇ ತಿರುವು ಮೌನ, ಎರಡನೆಯದೂ ಮೌನ. ಅಣ್ಣ ಶಿಳ್ಳೆ ಹಾಕತೊಡಗಿದ.

"ಕಣ್ಣು ಮುಚ್ಕೊಂಡು ಕೇಳಿ ಮೇಡಂ," ಎಂದರು ಹಿಂದಿನಿಂದ ಮೆಕ್ಯಾನಿಕ್.

ಕಣ್ಣು ಮುಚ್ಚಿದೆ. ಮೂರನೇ ತಿರುವಿನಲ್ಲೂ ಕಟಕಟ ಇಲ್ಲ. ಆದರೆ ತಿರುಗುವಷ್ಟು ಹೊತ್ತೂ ಎಂಜಿನ್ನಿನ ಗುರುಗುರು ಇಳಿದುಹೋಗಿ, ಕಾರು ತನ್ನಷ್ಟಕ್ಕೆ ತಾನು ಜಾರುತ್ತಿತ್ತು. ನಾಲ್ಕನೇ ತಿರುವು ಬರುವಾಗ ಕಣ್ಣು ತೆರೆದು ಕೆಳಗೆ ನೋಡಿದೆ. ಅಣ್ಣನ ಎಡಗಾಲು ಕ್ಲಚ್ಚನ್ನು ಪೂರ್ತಿ ಒತ್ತಿಕೊಂಡಿತ್ತು.

"ಅಣ್ಣಾ, ಕ್ಲಚ್ ಯಾಕೆ ಒತ್ತಿದ್ದೀಯ?"

"ಎಲ್ಲಿ ಒತ್ತಿದ್ದೀನಿ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಕಾಲಿನ ಕಡೆ ನೋಡಿ ಅವನಿಗೇ ಆಶ್ಚರ್ಯವಾಯಿತು.

"ಒತ್ತದೆ ತಿರುಗಿಸಿ ನೋಡೋಣ," ಎಂದರು ಮೆಕ್ಯಾನಿಕ್.

ಮುಂದಿನ ತಿರುವಿನಲ್ಲೂ ಕಾಲು ತಾನಾಗಿ ಹೋಗಿ ಒತ್ತಿತು. ಅದರ ಮುಂದಿನದರಲ್ಲೂ ಹಾಗೇ. ಮೂರನೇ ಸಲ ಅಣ್ಣ ಎಡಗಾಲನ್ನು ಸೀಟಿನ ಹತ್ತಿರಕ್ಕೆ ಎಳೆದುಕೊಂಡು, ಹಲ್ಲು ಕಚ್ಚಿ ತಿರುಗಿಸಿದ. ಕಟ ಕಟ ಕಟ ಕಟ. ನನ್ನದೇ ಸದ್ದು, ಅವನ ಕೈಯಲ್ಲಿ.

ಗ್ಯಾರೇಜಿಗೆ ವಾಪಸಾದ ಮೇಲೆ ಮೆಕ್ಯಾನಿಕ್ ಜಾಕ್ ಕೊಟ್ಟಿದ್ದು ಬಲಗಡೆಯ ಮುಂದಿನ ಚಕ್ರಕ್ಕೆ. ಅದರ ಹಿಂದಿನ ರಬ್ಬರ್ ಚೀಲ ಹರಿದು, ಗ್ರೀಸೆಲ್ಲ ಸುತ್ತ ಸಿಡಿದು ಕಪ್ಪಾಗಿ ಒಣಗಿತ್ತು.

"ಆಕ್ಸಲ್ ಜಾಯಿಂಟ್ ಹೋಗಿದೆ, ಎಂಜಿನ್ ಎಳೆತ ಚಕ್ರಕ್ಕೆ ಮುಟ್ಟಿಸೋ ಕೀಲು. ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಗಡೆಯ ಚಕ್ರಕ್ಕೆ. ಎಂಜಿನ್ ಎಳೆದ್ರೆ ಕಟಕಟ ಅನ್ನುತ್ತೆ. ಕ್ಲಚ್ ಒತ್ತಿದ್ರೆ ಎಳೆತ ಇಲ್ಲ, ಸದ್ದೂ ಇಲ್ಲ." ಅವರು ಅಣ್ಣನ ಕಡೆ ತಿರುಗಿದರು. "ತಿರುವಲ್ಲಿ ಕ್ಲಚ್ ಒತ್ತಬಾರ್ದು ಸಾರ್, ಗಾಡಿ ಹಿಡಿತಕ್ಕೆ ಸಿಗಲ್ಲ. ಮೇಡಂ ಸರಿಯಾಗಿ ಓಡಿಸಿದ್ದಕ್ಕೇ ಸದ್ದು ಆಚೆ ಬಂತು. ಸಂಜೆ ಹೊತ್ತಿಗೆ ಮಾಡಿಕೊಡ್ತೀನಿ."

ಎರಡು ವಾರದಿಂದ ಒಳಗೇ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಚೆನ್ನಾಗಿ ಉಗಿಯೋಣ ಎಂದು ತಿರುಗಿದರೆ, ಅಣ್ಣ ಹಳೇ ಟೈರಿನ ರಾಶಿಯ ಮೇಲೆ ಕುಸಿದು ಕೂತಿದ್ದ.

"ಅವಳೂ ಇದೇ ಹೇಳ್ತಿದ್ಲು," ಎಂದ.

ಅವಳು ಎಂದರೆ ಅತ್ತಿಗೆ. ಅತ್ತಿಗೆ ಡ್ರೈವಿಂಗ್ ಕಲಿತಿದ್ದಳು ಎಂಬುದೇ ನನಗೆ ಮರೆತುಹೋಗಿತ್ತು. ಮೂರು ವರ್ಷದ ಹಿಂದೆ ಎರಡು ತಿಂಗಳು ಇದೇ ಕಾರಿನಲ್ಲಿ ತನ್ನ ಸ್ಕೂಲಿಗೆ ಹೋಗಿ ಬರುತ್ತಿದ್ದಳು. ಆಮೇಲೆ ಬಿಟ್ಟುಬಿಟ್ಟಳು. ಈಗಲೂ ಎರಡು ಬಸ್ಸು ಬದಲಾಯಿಸಿ ಪಾಠ ಮಾಡಲು ಹೋಗುತ್ತಾಳೆ.

"ಎಡಕ್ಕೆ ತಿರುಗಿಸಿದ್ರೆ ಸದ್ದು ಬರುತ್ತೆ ಅಂದ್ಲು. ಕ್ಲಚ್ ಒತ್ತಿ ಮೆಲ್ಲಗೆ ತಿರುಗಿಸ್ಬೇಕು, ನಿಂಗೆ ಗೊತ್ತಾಗಲ್ಲ ಅಂತ ನಾನೇ ಓಡಿಸಿ ತೋರಿಸ್ದೆ. ಅವಳ ಬಾಯಿ ಮುಚ್ಚಿಸೋಕೆ. ಅದೇ ರೂಢಿಯಾಗಿಬಿಡ್ತೇನೋ." ಅವನು ಅಂಗೈ ನೋಡಿಕೊಳ್ಳುತ್ತಿದ್ದ. "ಎಲ್ರ ಮುಂದೆ ನಗಾಡಿದ್ದೆ."

ಆ ಎಲ್ಲರಲ್ಲಿ ನಾನೂ ಇದ್ದೆ. ಊಟದ ಮೇಜಿನ ಸುತ್ತ ಕೂತಿದ್ದಾಗ, "ಕೆಲವರಿಗೆ ಡ್ರೈವಿಂಗ್ ಕೈಗೂಡಲ್ಲ ಬಿಡಿ ಅತ್ತಿಗೆ" ಎಂದು ನಾನೇ ಹೇಳಿದ್ದೆ. ಆಗ ಅವಳು ಎದ್ದು ತಟ್ಟೆಗಳನ್ನು ಒಳಗೆ ಒಯ್ದಿದ್ದಳು. ಉಗಿಯಬೇಕೆಂದಿದ್ದ ಮಾತುಗಳನ್ನೆಲ್ಲ ನುಂಗಿಕೊಂಡೆ.

"ಫೋನ್ ಮಾಡಿ ಹೇಳು," ಎಂದೆ.

"ನೀನೇ ಹೇಳು ಪುಟ್ಟೀ. ನಂಗೆ ಆಗಲ್ಲ."

ಅತ್ತಿಗೆ ಫೋನೆತ್ತಿದಾಗ ಹಿಂದೆ ನಲ್ಲಿಯ ನೀರು ಸುರಿಯುವುದು ಕೇಳಿಸುತ್ತಿತ್ತು. ಜಾಯಿಂಟಿನ ವಿಷಯ, ಕ್ಲಚ್ಚಿನ ವಿಷಯ ಎಲ್ಲ ಹೇಳಿದೆ. ಅವಳು ನಲ್ಲಿ ನಿಲ್ಲಿಸಿದಳು.

"ಎಡಕ್ಕೆ ತಿರುಗುವಾಗ ತಾನೆ?"

"ಹೂಂ ಅತ್ತಿಗೆ."

"ಕಟಕಟ ಅಂತ?"

"ಹೂಂ. ನಿಮ್ದೇನೂ ತಪ್ಪಿರ್ಲಿಲ್ಲ. ನಾನೂ ಅವತ್ತು ಏನೇನೋ ಅಂದುಬಿಟ್ಟೆ."

"ಈಗ್ಲೇ ಬಿಚ್ಚಿಬಿಡ್ತಾರಾ?" ಎಂದು ಕೇಳಿದಳು.

"ಸೋಮವಾರಕ್ಕೆ ಬೇಕಲ್ಲ."

"ಒಂದರ್ಧ ಗಂಟೆ ತಡೆಯೋಕೆ ಹೇಳು. ಆಟೋದಲ್ಲಿ ಬರ್ತೀನಿ. ಸರಿ ಮಾಡೋ ಮುಂಚೆ ನಾನು ಒಂದ್ಸಲ ಓಡಿಸಿ ಕೇಳ್ಬೇಕು."

ಮೆಕ್ಯಾನಿಕ್ಕಿಗೆ ಹೇಳಿದೆ. ಅವರು ಯಾಕೆ ಎಂದು ಕೇಳಲಿಲ್ಲ, ಜಾಕ್ ಇಳಿಸಿ ಚಹಾ ಕುಡಿಯಲು ಹೋದರು. ಅಣ್ಣ ಟೈರಿನ ಮೇಲಿಂದ ಎದ್ದು ಹೋಗಿ, ಡ್ರೈವರ್ ಸೀಟನ್ನು ಅತ್ತಿಗೆಯ ಕಾಲಿಗೆ ಎಟುಕುವಷ್ಟು ಮುಂದಕ್ಕೆ ಎಳೆದಿಟ್ಟ.